ಎಸೆಯದೆ ಉಳಿದದ್ದು

ಮರದ ಹಂಡೆಯಲ್ಲಿ ಮದ್ಯ ಬಟ್ಟಿ ಇಳಿಸುತ್ತಾರೆ ಎಂದರೆ ಯಾರೂ ತಟ್ಟನೆ ನಂಬುವುದಿಲ್ಲ. ತಾಮ್ರದ್ದಾದರೆ ಸರಿ, ಸ್ಟೀಲಿನದ್ದಾದರೂ ಸರಿ, ಕಳ್ಳಭಟ್ಟಿಯವರ ಮಣ್ಣಿನ ಗಡಿಗೆಯನ್ನಾದರೂ ಒಪ್ಪಬಹುದು. ಮರ ಆ ಕಾವನ್ನು ತಡೆಯುವುದು ಹೇಗೆ? ಆದರೆ ಗಯಾನಾದ ಡೆಮೆರಾರಾ ನದಿಯ ದಂಡೆಯಲ್ಲಿರುವ ಡೈಮಂಡ್ ಡಿಸ್ಟಿಲರಿಯಲ್ಲಿ ಅಂಥ ಮೂರು ಮರದ ಭಟ್ಟಿಗಳು ಇವತ್ತಿಗೂ ದುಡಿಯುತ್ತಿವೆ. ಕೆಳಗೆ ಉರಿ ಹಾಕುವುದಿಲ್ಲ, ಒಳಕ್ಕೆ ಹಬೆ ನುಗ್ಗಿಸಿ ಕಾಯಿಸುತ್ತಾರೆ. ಗ್ರೀನ್‌ಹಾರ್ಟ್ ಎಂಬುದು ಅಲ್ಲಿಯದೇ ಕಾಡುಮರ. ನೀರಿಗೆ ಹಾಕಿದರೆ ತೇಲದೆ ಮುಳುಗುವಷ್ಟು ಗಟ್ಟಿ. ಅದರ ಹಲಗೆಗಳನ್ನು ಪೀಪಾಯಿಯ ಥರ ಜೋಡಿಸಿ ಪಟ್ಟಿ ಬಿಗಿದು ಮಾಡಿದ ಹಂಡೆಗಳು. ಒಂದರ ಹೆಸರು ವರ್ಸೇಲ್ಸ್. ಇನ್ನೊಂದು ಪೋರ್ಟ್ ಮೊರಾಂಟಿನ ಜೋಡಿ ಹಂಡೆ, ಅದರ ಕಾಲ 1732 ಎನ್ನುತ್ತಾರೆ. ಮೂರನೆಯದು 1880ರ ಎನ್ಮೋರ್, ಮರದಲ್ಲೇ ಕಟ್ಟಿದ ಕಾಫಿ ಭಟ್ಟಿ. ನಾವು ಬೆಳಿಗ್ಗೆ ಎದ್ದು ಕುಡಿಯುವ ಕಾಫಿಗೂ ಇದಕ್ಕೂ ಸಂಬಂಧವಿಲ್ಲ. ಏನಿಯಸ್ ಕಾಫಿ ಎಂಬ ಐರ್ಲೆಂಡಿನ ಅಬಕಾರಿ ಅಧಿಕಾರಿ 1830ರಲ್ಲಿ ಪೇಟೆಂಟ್ ಪಡೆದ, ಎಡೆಬಿಡದೆ ಮದ್ಯ ಇಳಿಸುವ ಕಂಬದಂಥ ಯಂತ್ರ ಅದು. ಕಳ್ಳಭಟ್ಟಿ ಹಿಡಿಯುವ ನೌಕರಿಯಲ್ಲಿದ್ದವನೇ ಜಗತ್ತಿನ ಭಟ್ಟಿಗಳನ್ನೆಲ್ಲ ಬದಲಿಸಿಬಿಟ್ಟ ಎಂಬುದೂ ಒಂದು ತಮಾಷೆಯೇ.

ಈ ಮೂರೂ ಭಟ್ಟಿಗಳಿಂದ ಇಳಿದದ್ದನ್ನು ಬೆರೆಸಿ ಮಾಡಿದ ಎಲ್ ಡೊರಾಡೊ 15 ವರ್ಷದ ರಮ್ಮು ಕಳೆದ ವರ್ಷ ನನ್ನ ಕಪಾಟಿಗೆ ಬಂತು. ಹೊರದೇಶದಿಂದ ಬರುವವರಿಗೆ ಕಸ್ಟಮ್ಸ್‌ನವರು ಎರಡು ಲೀಟರ್ ಬಿಡುತ್ತಾರಲ್ಲ, ನನ್ನ ಕಪಾಟು ತುಂಬಿದ್ದು ಬಹುಪಾಲು ಆ ಎರಡು ಲೀಟರುಗಳ ಕೃಪೆಯಿಂದ. ಅಕ್ಕನ ಮಗ ಒಬ್ಬ, ಹಳೆಯ ಸಹೋದ್ಯೋಗಿ ಒಬ್ಬ, ಅವರಿಗೆ ಚಾಕೊಲೇಟು ಬೇಡಪ್ಪ ಎಂದು ಹೇಳಿ ಹೇಳಿ ಅಭ್ಯಾಸ ಮಾಡಿಸಿದ್ದೇನೆ.

ಲೋಟಕ್ಕೆ ಒಂದಿಷ್ಟು ಬಗ್ಗಿಸಿ ಹಾಗೇ ಇಟ್ಟರೆ ಮೊದಲು ಬರುವುದು ಸುಟ್ಟ ಸಕ್ಕರೆ ಮತ್ತು ಒಣದ್ರಾಕ್ಷಿಯ ವಾಸನೆ. ಅದು ಎಲ್ಲ ಹಳೆಯ ರಮ್ಮುಗಳಲ್ಲೂ ಇರುವಂಥದ್ದು. ಒಂದಷ್ಟು ಹೊತ್ತು ಕಾದರೆ ಅದರಡಿಯಿಂದ ಸೋಂಪು ಏಳುತ್ತದೆ, ಜೊತೆಗೆ ಅತಿಮಧುರದ ಬೇರು. ಅದು ಪೋರ್ಟ್ ಮೊರಾಂಟಿನ ಗುರುತು ಎಂದು ಬಲ್ಲವರು ಹೇಳುತ್ತಾರೆ. ಕೊನೆಯಲ್ಲಿ, ಆಗ ತಾನೆ ಪೆನ್ಸಿಲ್ ಹೆರೆದ ಮೆಂಡರಿನ ಚೆಕ್ಕೆಯ ವಾಸನೆ. ಅದು ಎನ್ಮೋರಿನದು. ಇದನ್ನು ಓದಿಕೊಂಡಿದ್ದರಿಂದ ನನಗೆ ಹಾಗನ್ನಿಸುತ್ತಿದೆಯೋ, ನಿಜಕ್ಕೂ ಮೂಗಿಗೆ ಬಡಿಯುತ್ತಿದೆಯೋ ಎಂಬ ಅನುಮಾನ ನನಗೂ ಇತ್ತು. ಏನೂ ಹೇಳದೆ ಹೆಂಡತಿಯ ಮೂಗಿನ ಬಳಿ ಹಿಡಿದೆ. ಅವಳು ಕುಡಿಯುವವಳಲ್ಲ. ‘ಸ್ಕೂಲ್ ಬ್ಯಾಗು’ ಅಂದಳು.

ಮರ ಎಷ್ಟೇ ಗಟ್ಟಿಯಾದರೂ ಮರ. ಹಬೆಗೆ, ಹುಳಿಗೆ ಹಲಗೆ ಸವೆಯುತ್ತದೆ. ಸವೆದದ್ದನ್ನು ಕಿತ್ತು ಹೊಸದನ್ನು ಕೂರಿಸುತ್ತಾರೆ. ಹಾಗಾದರೆ 1732ರದ್ದು ಎನ್ನುವುದಕ್ಕೆ ಅಲ್ಲಿ ಉಳಿದಿರುವುದಾದರೂ ಏನು? ನಮ್ಮೂರ ತೇರಿನ ಹಾಗೆ. ಗಾಲಿ ಒಮ್ಮೆ, ಅಚ್ಚು ಒಮ್ಮೆ, ತೊಲೆ ಒಮ್ಮೆ ಬದಲಾಗಿ, ಮುತ್ತಾತ ಎಳೆದ ತೇರಿನ ಒಂದು ಚಕ್ಕೆಯೂ ಈಗ ಅದರಲ್ಲಿಲ್ಲ. ಆದರೂ ಅದೇ ತೇರು ಎನ್ನುವುದರಲ್ಲಿ ಊರಲ್ಲಿ ಯಾರಿಗೂ ಸಂಶಯವಿಲ್ಲ.

ಪೋರ್ಟ್ ಮೊರಾಂಟ್ ಎಂಬ ಕಬ್ಬಿನ ತೋಟ ತನ್ನ ಡಿಸ್ಟಿಲರಿಯನ್ನು ಮುಚ್ಚಿದಾಗ ಈ ಹಂಡೆಗಳನ್ನು ಸೌದೆಗೆ ಹಾಕಬಹುದಿತ್ತು. ಹಾಕಲಿಲ್ಲ. ಇನ್ನೊಂದು ತೋಟಕ್ಕೆ ಸಾಗಿಸಿದರು. ಅದೂ ಮುಚ್ಚಿದಾಗ ಡೈಮಂಡಿಗೆ ತಂದರು. ಕಾರಣ ಭಾವುಕತೆ ಏನಲ್ಲ. ಲಂಡನ್ನಿನ ರಮ್ ವ್ಯಾಪಾರಿಗಳಿಗೆ ಆ ಹಂಡೆಯಿಂದ ಬರುವ ರುಚಿಯೇ ಬೇಕಿತ್ತು. ಬ್ರಿಟನ್ನಿನ ನೌಕಾಪಡೆ ತನ್ನ ನಾವಿಕರಿಗೆ ದಿನಾ ಮಧ್ಯಾಹ್ನ ಅಳೆದು ಕೊಡುತ್ತಿದ್ದ ರಮ್ಮಿನಲ್ಲಿ ಇದೂ ಬೆರೆತಿರುತ್ತಿತ್ತು. ಆ ಪದ್ಧತಿ ನಿಂತದ್ದು 1970ರ ಜುಲೈ 31ರಂದು. ಅಂದು ನಾವಿಕರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಕೊನೆಯ ಗುಟುಕು ಕುಡಿದರಂತೆ. ಅಂದು ಉಗ್ರಾಣದಲ್ಲಿ ಉಳಿದುಹೋದ ಜಾಡಿಗಳ ರಮ್ಮನ್ನು 2010ರಲ್ಲಿ ಬಾಟಲಿಗೆ ತುಂಬಿ ಮಾರಿದರು. ಬೆಲೆ ಕೇಳಿಯೇ ನಾನು ಕೈ ಮುಗಿದೆ.

ಪೋರ್ಟ್ ಮೊರಾಂಟ್ ಎಂಬ ಹೆಸರು ರಮ್ ಮುಟ್ಟದ ಕನ್ನಡಿಗರಿಗೂ ಬೇರೆ ದಾರಿಯಿಂದ ಗೊತ್ತಿರಬಹುದು. ರೋಹನ್ ಕನ್ಹಾಯ್, ಬೆಸಿಲ್ ಬುಚರ್, ಜೋ ಸಾಲೊಮನ್, ಆಲ್ವಿನ್ ಕಾಳಿಚರಣ್ ಬ್ಯಾಟು ಹಿಡಿಯಲು ಕಲಿತದ್ದು ಆ ಕಬ್ಬಿನ ತೋಟದ ಊರಿನಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಪಕ್ಕದ ಕ್ರೀಡಾಂಗಣದಲ್ಲಿ 1974ರ ನವೆಂಬರಿನಲ್ಲಿ ಮೊಟ್ಟಮೊದಲ ಟೆಸ್ಟ್ ನಡೆದಾಗ, ಒದ್ದೆ ಪಿಚ್ಚಿನ ಮೇಲೆ 124 ಹೊಡೆದು ಊರಿಗೆ ಊರೇ ಬಾಯಿ ತೆರೆದು ನೋಡುವಂತೆ ಮಾಡಿದ್ದು ಕಾಳಿಚರಣ್. ಆ ಹೆಸರು ವೆಸ್ಟ್ ಇಂಡೀಸಿಗೆ ಹೋದದ್ದು ಹೇಗೆ? 1838ರಲ್ಲಿ ಗುಲಾಮರು ಪೂರ್ತಿ ಬಿಡುಗಡೆಯಾದರು. ಅದೇ ವರ್ಷದ ಮೇ ತಿಂಗಳಲ್ಲಿ ವಿಟ್ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳು ಕಲ್ಕತ್ತೆಯಿಂದ ಕರಾರು ಕೂಲಿಗಳನ್ನು ತುಂಬಿಕೊಂಡು ಅಲ್ಲಿ ಲಂಗರು ಹಾಕಿದವು. ಕಬ್ಬು ಕಡಿಯುವ ಕೈ ಬದಲಾಯಿತು, ಕಬ್ಬು ಬದಲಾಗಲಿಲ್ಲ. ಅದಕ್ಕೂ ಮೊದಲು, 1763ರಲ್ಲಿ, ಪೋರ್ಟ್ ಮೊರಾಂಟ್ ಇರುವ ಇದೇ ಬರ್ಬೀಸ್ ಸೀಮೆಯ ಗುಲಾಮರು ಕೋಫಿ ಎಂಬವನ ಮುಂದಾಳುತನದಲ್ಲಿ ತೋಟದ ಒಡೆಯರ ಮೇಲೆ ತಿರುಗಿಬಿದ್ದಿದ್ದರು. ಕೋಫಿ ಈಗ ಗಯಾನಾದ ರಾಷ್ಟ್ರವೀರ.

ಇದೆಲ್ಲ ಗೊತ್ತಾದ ಮೇಲೆ ಆ ಸೋಂಪಿನ ಘಮ ಕಡಿಮೆಯಾಗುತ್ತದೆಯೇ? ಆಗಬೇಕು ಎಂದು ಒಳಗಿನ ಸಜ್ಜನ ಹೇಳುತ್ತಾನೆ. ಆಗುವುದಿಲ್ಲ ಎಂದು ಮೂಗು ಹೇಳುತ್ತದೆ. ಎರಡೂ ಒಟ್ಟಿಗೆ ಇರುತ್ತವೆ, ಅಷ್ಟೆ. ಬೆರಗು ಎಂದರೆ ನಿರ್ಮಲವಾದದ್ದು, ಮಗುವಿನ ಕಣ್ಣಿನದು ಎಂದೆಲ್ಲ ಬರೆಯುವವರನ್ನು ಕಂಡರೆ ನನಗೀಗ ಅನುಮಾನ. ನನಗೆ ಈ ವರ್ಷ ಆದ ಬೆರಗಿನಲ್ಲಿ ನಾಚಿಕೆಯೂ ಕಲೆತಿತ್ತು, ಅದನ್ನು ಸೋಸಿ ತೆಗೆಯಲು ಬರುವುದಿಲ್ಲ. ಸಾರಾಯಿಯಿಂದ ಮನೆ ಹಾಳಾದ ಹೆಂಗಸರು ಬೀದಿಗಿಳಿದ ರಾಜ್ಯ ನಮ್ಮದು, 2007ರಲ್ಲಿ ಸಾರಾಯಿಯನ್ನೇ ನಿಲ್ಲಿಸಿದ ರಾಜ್ಯ. ಇಲ್ಲಿ ಕೂತು ರಮ್ಮಿನ ಘಮ ಬಣ್ಣಿಸುವುದಕ್ಕೆ ಒಂದು ಅಳುಕು ಇದ್ದೇ ಇದೆ. ಇರಲಿ.

ಎರಡನೆಯ ಬಾಟಲಿ ಜಮೈಕಾದ್ದು, ಟ್ರೆಲಾನಿ ಸೀಮೆಯ ಹ್ಯಾಂಪ್‌ಡನ್ ಎಸ್ಟೇಟಿನದು. ಇದರ ಮುಚ್ಚಳ ತೆಗೆದರೆ ಪಕ್ಕದ ಕೋಣೆಯಲ್ಲಿದ್ದವರು ಎದ್ದು ಬರುತ್ತಾರೆ. ಮೊದಲ ಹೊಡೆತಕ್ಕೆ ಉಗುರುಬಣ್ಣ, ಆಮೇಲೆ ಅನಾನಸು, ಅದೂ ತೊಟ್ಟಿನ ಬಳಿ ಕೊಳೆಯಲು ಶುರುವಾದ ಅನಾನಸು. ಆಮೇಲೆ ಮೂರು ದಿನ ಹಜಾರದಲ್ಲೇ ಉಳಿದುಹೋದ ಹಲಸಿನ ಹಣ್ಣು. ಎಲ್ಲದರ ಹಿಂದೆ ಉಪ್ಪಿನಲ್ಲಿಟ್ಟ ಹುಳಿ. ಇದನ್ನು ರಮ್ ಎಂದು ಒಪ್ಪಿಕೊಳ್ಳುವುದಕ್ಕೇ ಓಲ್ಡ್ ಮಂಕ್‌ನಲ್ಲಿ ಬೆಳೆದ ನನ್ನಂಥವನಿಗೆ ಒಂದು ವಾರ ಬೇಕಾಯಿತು.

ಅದನ್ನು ಮಾಡುವ ಬಗೆ ಹೀಗೆ. ರಮ್ ಇಳಿಸಿದ ಮೇಲೆ ಹಂಡೆಯ ತಳದಲ್ಲಿ ಉಳಿಯುವ ಹುಳಿನೀರಿಗೆ ಅಲ್ಲಿ ಡಂಡರ್ ಎನ್ನುತ್ತಾರೆ. ಬೇರೆಯವರು ಚೆಲ್ಲುವ ಅದನ್ನು ಇವರು ಕೂಡಿಡುತ್ತಾರೆ. ಅದರ ಒಂದು ಪಾಲು, ಕಬ್ಬಿನ ರಚ್ಚು, ಪೀಪಾಯಿಯ ಗಸಿ ಎಲ್ಲ ಒಂದು ಗುಂಡಿಯಲ್ಲಿ ಕೊಳೆಯುತ್ತದೆ. ಕಾಕಂಬಿಯನ್ನು ಹುಳಿಯಲು ಬಿಡುವಾಗ ಈ ಗುಂಡಿಯ ರಸವನ್ನೂ ಸೇರಿಸುತ್ತಾರೆ. ಯೀಸ್ಟನ್ನು ಹೊರಗಿನಿಂದ ತಂದು ಹಾಕುವುದಿಲ್ಲ. ಗಾಳಿಯಲ್ಲಿ, ಆ ಹಳೆಯ ಮರದ ತೊಟ್ಟಿಗಳಲ್ಲಿ, ಗೋಡೆಯಲ್ಲಿ ಇರುವುದೇ ಸಾಕು. ಬೇರೆ ಕಡೆ ಒಂದೆರಡು ದಿನದಲ್ಲಿ ಮುಗಿಯುವ ಕೆಲಸ ಇಲ್ಲಿ ವಾರ ದಾಟಿ ಎಳೆಯುತ್ತದೆ. ಆಗ ಆ ಕೊಳೆಯ ಹುಳಿಗಳು ಮದ್ಯಸಾರದ ಜೊತೆ ಕೂಡಿ ಎಸ್ಟರುಗಳಾಗುತ್ತವೆ.

ನನ್ನನ್ನು ಕಂಗೆಡಿಸಿದ್ದು ಇದು. ಬ್ಯುಟಿರಿಕ್ ಆಮ್ಲ ಎಂಬುದಿದೆ. ಹಳಸಿದ ಬೆಣ್ಣೆಯ ನಾತ ಅದರದು, ವಾಂತಿಯ ನಾತವೂ ಅದರದೇ. ಅದೇ ಆಮ್ಲ ಮದ್ಯಸಾರದೊಂದಿಗೆ ಸೇರಿ ಈಥೈಲ್ ಬ್ಯುಟಿರೇಟ್ ಆದರೆ ಅನಾನಸಿನ ಪರಿಮಳ. ನಡುವೆ ಹೊರಗಿನಿಂದ ಬಂದು ಸೇರಿದ್ದು ಏನೂ ಇಲ್ಲ, ಒಂದು ಹನಿ ನೀರು ಬಿಟ್ಟುಹೋಗಿದೆ ಅಷ್ಟೆ. ಕಸದಿಂದ ರಸ ಎಂದು ಬಾಯಲ್ಲಿ ಹೇಳುತ್ತಿರುತ್ತೇವೆ, ಅದು ನಡೆಯುವ ಜಾಗವನ್ನು ಅಣುವಿನ ಮಟ್ಟದಲ್ಲಿ ಹೀಗೆ ಬೆರಳಿಟ್ಟು ತೋರಿಸಿದಾಗ ಮೈ ಜುಂ ಎನ್ನುತ್ತದೆ. ವಿವರ ಗೊತ್ತಾದರೆ ಸೋಜಿಗ ಹೋಗಿಬಿಡುತ್ತದೆ ಎನ್ನುವವರು ಹ್ಯಾಂಪ್‌ಡನ್ನಿನ ಮುಂದೆ ಒಮ್ಮೆ ಕೂರಬೇಕು.

ಹ್ಯಾಂಪ್‌ಡನ್ನಿನವರು ತಮ್ಮ ರಮ್ಮುಗಳನ್ನು ಎಸ್ಟರಿನ ಪ್ರಮಾಣದ ಮೇಲೆ ವಿಂಗಡಿಸಿ ಒಂದೊಂದಕ್ಕೂ ಅಕ್ಷರಗಳ ಗುರುತು ಕೊಡುತ್ತಾರೆ. ಕೆಳಗಿನದು ಒಡಬ್ಲ್ಯೂಎಚ್, ನೂರು ಲೀಟರ್ ಶುದ್ಧ ಮದ್ಯಸಾರಕ್ಕೆ 40ರಿಂದ 80 ಗ್ರಾಂ. ಎಲ್ಲಕ್ಕಿಂತ ಮೇಲಿನದು ಡಿಒಕೆ, 1,500ರಿಂದ 1,600 ಗ್ರಾಂ. ಡಿಒಕೆಯನ್ನು ಅದರಷ್ಟಕ್ಕೇ ಯಾರೂ ಕುಡಿಯಬೇಕೆಂದು ಮಾಡಿದ್ದಲ್ಲ. ಜರ್ಮನಿಯವರು ಆಮದು ರಮ್ಮಿನ ಮೇಲೆ ಭಾರೀ ಸುಂಕ ಹಾಕಿದಾಗ ಅಲ್ಲಿನ ವ್ಯಾಪಾರಿಗಳು ಉಪಾಯ ಹುಡುಕಿದರು. ಅತಿ ಗಾಢವಾದ ಜಮೈಕಾ ರಮ್ಮನ್ನು ಸ್ವಲ್ಪವೇ ತರಿಸಿ, ತಮ್ಮೂರಿನ ರುಚಿಯಿಲ್ಲದ ಮದ್ಯಸಾರಕ್ಕೆ ಬೆರೆಸಿ ಮಾರಿದರು. ಸುಂಕ ತಪ್ಪಿಸುವ ಲೆಕ್ಕಾಚಾರದಿಂದ ಬೆಳೆದುಬಂದ ವಿಪರೀತದ ಘಮ ಇದು. ಹ್ಯಾಂಪ್‌ಡನ್ ನೂರಾರು ವರ್ಷ ತನ್ನ ರಮ್ಮನ್ನು ಹೀಗೆ ಬೇರೆಯವರ ಬಾಟಲಿಗೇ ಕಳಿಸಿಕೊಂಡು ಬಂತು. ತಾನೇ ಮಾಗಿಸಿದ್ದನ್ನು ತನ್ನ ಹೆಸರಿನಲ್ಲಿ ಹೊರತಂದದ್ದು 2018ರಲ್ಲಿ.

ನಮ್ಮ ಭಾವ ಮದ್ದೂರಿನ ಕಡೆಯವರು, ಒಂದು ಕಾಲಕ್ಕೆ ಆಲೆಮನೆ ನಡೆಸಿದ ಮನೆತನ. ಹಬ್ಬಕ್ಕೆ ಬಂದಿದ್ದವರಿಗೆ, ಊಟಕ್ಕೆ ಮುಂಚೆ, ಹ್ಯಾಂಪ್‌ಡನ್ನಿನ ಲೋಟ ಕೊಟ್ಟೆ. ತುಟಿಗೆ ತಾಗಿಸುವ ಮೊದಲೇ ಲೋಟ ಕೆಳಗಿಟ್ಟರು.

‘ಅಲ್ಲ ಕಣೋ, ಇದು ನಮ್ಮ ಆಲೆಮನೆ ಹಿಂದ್ಲ ಗುಂಡಿ ವಾಸ್ನೆ ಅಲ್ವಾ? ಮಡ್ಡಿ ಚೆಲ್ತಿದ್ವಲ್ಲ, ಅಲ್ಲಿಂದು!’

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಗಿಡದ ಲೋಳೆ ಹಾಕುತ್ತಾರೆ. ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಜಾಲರಿಯಲ್ಲಿ ತೆಗೆದು ಹಿಂದಿನ ಗುಂಡಿಗೆ ಚೆಲ್ಲುತ್ತಾರೆ. ಅದರ ಮೇಲೆ ರಚ್ಚು ಬೀಳುತ್ತದೆ, ಮಳೆ ಬೀಳುತ್ತದೆ. ದನ ಕೂಡ ಒಮ್ಮೊಮ್ಮೆ ಅದನ್ನು ನೆಕ್ಕಿ ತೂರಾಡುತ್ತಿದ್ದವು ಎಂದು ಭಾವ ನಕ್ಕರು. ಹದಿನೆಂಟನೆಯ ಶತಮಾನದ ಜಮೈಕಾದಲ್ಲಿ ರಮ್ಮಿಗೆ ಹಾಕುತ್ತಿದ್ದ ಸಾಮಾನುಗಳ ಪಟ್ಟಿ ನೋಡಿದರೆ ಕಾಕಂಬಿ, ಡಂಡರ್, ನೀರಿನ ಜೊತೆಗೆ ಕೊಪ್ಪರಿಗೆಯಿಂದ ತೆಗೆದ ಈ ಮಡ್ಡಿಯೂ ಇದೆ. ಭಾವನಿಗೆ ಅದನ್ನು ಹೇಳಿದೆ. ‘ಅಯ್ಯೋ, ಮೊದ್ಲೇ ಹೇಳ್ಬಾರದಿತ್ತಾ’ ಎಂದು ಲೋಟ ಮತ್ತೆ ಎತ್ತಿಕೊಂಡರು.

ಬಾರ್ಬಡೋಸಿನ ಫೋರ್‌ಸ್ಕ್ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಿಚರ್ಡ್ ಸೀಲ್ ಎಂಬ ಹಟವಾದಿ ನಡೆಸುವ ಡಿಸ್ಟಿಲರಿ ಅದು. ರಮ್ಮಿಗೆ ಆಮೇಲೆ ಸಕ್ಕರೆ ಬೆರೆಸುವುದನ್ನು ಕಟುವಾಗಿ ವಿರೋಧಿಸುವವರಲ್ಲಿ ಆತ ಮೊದಲಿಗ. ಎಲ್ಲ ಹದವಾಗಿದೆ, ಯಾವುದೂ ಹೆಚ್ಚಿಲ್ಲ. ದಿನಾ ಕುಡಿಯುವುದಾದರೆ ಇದನ್ನೇ ಕುಡಿಯಬೇಕು. ಆದರೆ ದಂಗುಬಡಿಸುವುದಿಲ್ಲ. ಇಷ್ಟು ನೇರವಾದದ್ದಕ್ಕೆ ನನ್ನ ಮೂಗು ಒಗ್ಗಿಲ್ಲವೇನೋ.

ಟ್ರಿನಿಡಾಡಿನ ಕರೋನಿ ನನ್ನ ಬಾಟಲಿಯಲ್ಲ. ಗೆಳೆಯರೊಬ್ಬರ ಮನೆಯಲ್ಲಿ ಒಂದು ಚಮಚೆಯಷ್ಟು ಸಿಕ್ಕಿದ್ದು. ಟಾರಿನ ವಾಸನೆ, ಪೆಟ್ರೋಲು, ಸುಟ್ಟ ರಬ್ಬರು. ನುಂಗಿದ ಮೇಲೆ ಎಲ್ಲಿಂದಲೋ ಒಂದು ಸಿಹಿ. ಸರ್ಕಾರ 2003ರಲ್ಲಿ ಅಲ್ಲಿಯ ಸಕ್ಕರೆ ಕಂಪನಿಯನ್ನು ಮುಚ್ಚಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು, ಅವರಲ್ಲಿ ಬಹುಪಾಲು ಭಾರತದಿಂದ ಹೋದ ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು. ಮರುವರ್ಷ ಲೂಕಾ ಗಾರ್ಗಾನೊ ಎಂಬ ಇಟಲಿಯ ವ್ಯಾಪಾರಿ ಅಲ್ಲಿಗೆ ಹೋದಾಗ ಉಗ್ರಾಣದಲ್ಲಿ ಪೀಪಾಯಿಗಳು ಹಾಗೇ ಬಿದ್ದಿದ್ದವು. ಬೇಡವಾಗಿ ಬಿದ್ದಿದ್ದ ಆ ರಮ್ಮಿನ ಒಂದು ಬಾಟಲಿ ಈಗ ಹರಾಜಿನಲ್ಲಿ ಲಕ್ಷಗಳಿಗೆ ಹೋಗುತ್ತದೆ. ಕೆಲಸ ಹೋದವರಿಗೆ ಅದರಿಂದ ಏನು ಸಿಕ್ಕಿತು ಎಂಬ ಪ್ರಶ್ನೆ ಆ ಚಮಚೆಯ ಜೊತೆಗೇ ಗಂಟಲಿಗಿಳಿಯಿತು. ಹೈಟಿಯ ಕ್ಲೇರೆನ್ ಇದಕ್ಕೆ ತದ್ವಿರುದ್ಧ. ಮಾಗಿಸುವ ಗೋಜಿಲ್ಲ, ಹಳ್ಳಿಹಳ್ಳಿಯ ಪುಟ್ಟ ಭಟ್ಟಿಗಳಲ್ಲಿ ಕಬ್ಬಿನ ಹಾಲನ್ನೇ ನೇರ ಹುಳಿಸಿ ಇಳಿಸಿದ ನೀರಿನ ಬಣ್ಣದ ರಮ್ಮು. ಕುಡಿದರೆ ಆಗ ತಾನೆ ಗಾಣಕ್ಕೆ ಕೊಟ್ಟ ಕಬ್ಬು, ಹಸಿ ಸೋಗೆ, ಮಣ್ಣು. ಗುಲಾಮರೇ ಎದ್ದುನಿಂತು 1804ರಲ್ಲಿ ಸ್ವತಂತ್ರ ಮಾಡಿಕೊಂಡ ದೇಶ ಅದು. ದೊಡ್ಡ ತೋಟಗಳು ಒಡೆದು ಚೂರಾದದ್ದರಿಂದ ಭಟ್ಟಿಗಳೂ ಚಿಕ್ಕವಾಗಿಯೇ ಉಳಿದವು.

ಕಬ್ಬು ಆ ದ್ವೀಪಗಳಿಗೆ ಹೋದದ್ದು 1493ರಲ್ಲಿ, ಕೊಲಂಬಸನ ಎರಡನೆಯ ಯಾನದಲ್ಲಿ. ಅದನ್ನು ಹಿಂಡಿ ಕಾಯಿಸಿ ಸಕ್ಕರೆ ಮಾಡುವ ವಿದ್ಯೆ ಹೊರಟದ್ದು ನಮ್ಮ ಕಡೆಯಿಂದ. ಬೆಲ್ಲದ ಮದ್ಯವೂ ನಮಗೆ ಹೊಸದಲ್ಲ. ಮನುಸ್ಮೃತಿ ಕುಡಿಯಬಾರದ ಸುರೆಗಳನ್ನು ಎಣಿಸುವಾಗ ಮೊದಲು ಹೆಸರಿಸುವುದೇ ಗೌಡಿಯನ್ನು, ಬೆಲ್ಲದಿಂದ ಮಾಡಿದ್ದನ್ನು. ನಿಷೇಧಿಸಿದವರೇ ದಾಖಲೆ ಉಳಿಸಿಕೊಟ್ಟರು. ಆದರೆ ನಮ್ಮ ಕಾಲದಲ್ಲಿ ಭಾರತದ ರಮ್ ಎಂದರೆ ಕಾಕಂಬಿಯದು, ಸಕ್ಕರೆ ಕಾರ್ಖಾನೆ ಬೇಡವೆಂದದ್ದು. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2023ರಲ್ಲಿ ಬರೀ ಬೆಲ್ಲದಿಂದ ಮಾಡಿ, ಬರ್ಬನ್ ವಿಸ್ಕಿ ಇದ್ದ ಪೀಪಾಯಿಗಳಲ್ಲಿ ಮಾಗಿಸಿ ‘ಬೆಲ್ಲ’ ಎಂಬ ಹೆಸರಿನಲ್ಲೇ ರಮ್ ಹೊರತಂದಿತು. ಬೆಂಗಳೂರಿನ ಹವೆಯಲ್ಲಿ ಪೀಪಾಯಿಯಿಂದ ಆರಿಹೋಗುವುದು ವರ್ಷಕ್ಕೆ ಶೇ 10ಕ್ಕೂ ಹೆಚ್ಚು, ಸ್ಕಾಟ್ಲೆಂಡಿನಲ್ಲಾದರೆ ಶೇ 2ರ ಆಸುಪಾಸು. ನಮ್ಮ ಗಾಳಿ ಭಾರೀ ಕುಡುಕ ಗಾಳಿ. ಉಳಿದದ್ದರಲ್ಲಿ ಜೋನಿಬೆಲ್ಲದ ದಟ್ಟ ವಾಸನೆ ಇದೆ, ಒಣಕೊಬ್ಬರಿ ಇದೆ.

ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ನೋಡುವಾಗ ನನ್ನನ್ನು ತುಂಬ ಹೊತ್ತು ಹಿಡಿದಿಟ್ಟದ್ದು ಕೊನೆಯಲ್ಲಿದ್ದ ಓಲ್ಡ್ ಮಂಕ್. 1954ರಿಂದ ಬರುತ್ತಿರುವ, ಜಾಹೀರಾತೇ ಇಲ್ಲದೆ ಹಾಸ್ಟೆಲ್ಲಿನಿಂದ ಹಾಸ್ಟೆಲ್ಲಿಗೆ ಹಬ್ಬಿದ, ಕೊಡಗಿನ ಚಳಿಯಲ್ಲಿ ಬಿಸಿನೀರು ಬೆರೆತ ಅದೇ ಗಿಡ್ಡ ಬಾಟಲಿ. ಅದರ ಮೇಲೆ ಶೇ 42.8 ಎಂದಿದೆ. 40 ಅಲ್ಲ, 43 ಅಲ್ಲ, ಇದೇನು ಚಿಲ್ಲರೆ ಲೆಕ್ಕ? ನೌಕಾಪಡೆಯ ಕಾಲದಲ್ಲಿ ರಮ್ಮನ್ನು ಮದ್ದಿನಪುಡಿಗೆ ಸುರಿದು ಬೆಂಕಿ ಹಚ್ಚುತ್ತಿದ್ದರು, ಹೊತ್ತಿಕೊಂಡರೆ ಗಟ್ಟಿ ಸರಕು ಎಂಬ ಕಥೆಯಿದೆ. ಬ್ರಿಟಿಷರು ಆ ಹದಕ್ಕೆ 100 ಪ್ರೂಫ್ ಎಂದರು. ಈಗಿನ ಅಳತೆಯಲ್ಲಿ ಅದು ಶೇ 57ಕ್ಕೆ ತುಸು ಹೆಚ್ಚು. ಅದರ ಮುಕ್ಕಾಲು ಪಾಲು, 75 ಪ್ರೂಫ್, ಶೇ 42.8. ಬ್ರಿಟನ್ನಿನವರು ಆ ಅಳತೆಯನ್ನು 1980ರಲ್ಲೇ ಕೈಬಿಟ್ಟರು. ನಮ್ಮ ಎಂಎಸ್‌ಐಎಲ್ ಅಂಗಡಿಯ ಕ್ವಾರ್ಟರ್ ಬಾಟಲಿಗಳ ಮೇಲೆ ಅದು ಇನ್ನೂ ಅಚ್ಚಾಗುತ್ತಿದೆ.

ಭಾವ ಮೊನ್ನೆ ಬಂದಿದ್ದಾಗ ಬೆಲ್ಲದ ರಮ್ಮನ್ನು ಕೊಟ್ಟೆ. ನಮ್ಮದೇ ಕಬ್ಬಿನ ಕುಲದ್ದು, ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ನಿಧಾನಕ್ಕೆ ಮುಗಿಸಿ, ‘ಚೆನ್ನಾಗದೆ, ಆದ್ರೆ ತೀರಾ ಮರ್ಯಾದಸ್ಥ ಆಯ್ತು. ಗುಂಡಿ ಇಲ್ಲ ಇದ್ರಲ್ಲಿ’ ಅಂದರು. ಆಮೇಲೆ ಶೇಂಗಾ ಬಾಯಿಗೆ ಹಾಕಿಕೊಂಡು ಯೋಚಿಸಿ, ಹಿತ್ತಲ ಗುಂಡಿಯನ್ನು ಮತ್ತೆ ತೋಡಿಸಿ, ಮಡ್ಡಿ ಕೂಡಿಟ್ಟು, ಕಾನೂನಿನ ಪ್ರಕಾರವೇ ಮಾಡಿದರೆ ಅಬಕಾರಿಯವರು ಲೈಸೆನ್ಸು ಕೊಡುತ್ತಾರಾ ಎಂದು ಕೇಳಿದರು. ಕೊಡುವ ಮಾತು ದೂರ, ಅರ್ಜಿಯಲ್ಲಿ ಗುಂಡಿ ಎಂದು ಬರೆಯುವುದು ಯಾವ ಕಾಲಮ್ಮಿನಲ್ಲಿ ಭಾವ, ಎಂದೆ.